ಕೂಡಿಟ್ಟ ಬಟ್ಟೆ-ದಾರಗಳಿಗೆ ಕೌದಿಯ ದಾರಿ

ಅಟ್ಟದ ಮೇಲೊಂದು ಟ್ರಂಕು, ಮಂಚದ ಕೆಳಗೊಂದು ಗಂಟು, ಹೊಲಿಗೆ ಯಂತ್ರದ ಪಕ್ಕದಲ್ಲೊಂದು ಹಳೆಯ ಬಿಸ್ಕತ್ತಿನ ಡಬ್ಬಿ. ಹೊಲಿಗೆ ಬಲ್ಲವರಿರುವ ಯಾವ ಮನೆಗೆ ಹೋದರೂ ಇವು ಕಾಣಸಿಗುತ್ತವೆ. ಟ್ರಂಕಿನಲ್ಲಿ ಸವೆದ ಸೀರೆಗಳು, ಗಂಟಿನಲ್ಲಿ ದರ್ಜಿ ಹಿಂದಿರುಗಿಸಿದ ಚೂರುಗಳು, ಡಬ್ಬಿಯಲ್ಲಿ ಕಸೂತಿ ದಾರದ ಲಡಿ, ಗುಂಡಿ, ಮಣಿ, ಲೇಸು. ಎಲ್ಲವೂ 'ಮುಂದೆಂದಾದರೂ ಬೇಕಾದೀತು' ಎಂದು ಎತ್ತಿಟ್ಟವು. ಆ 'ಮುಂದೆ' ಬಾರದೆ ವರ್ಷಗಳು ಉರುಳುತ್ತವೆ. ಕೂಡಿಟ್ಟವರು ಇಲ್ಲವಾದ ಮೇಲೆ ಗಂಟು ಬಿಚ್ಚಿದವರಿಗೆ ಯಾವುದು ಬಳಕೆಗೆ ಯೋಗ್ಯ, ಯಾವುದು ಜತನವಾಗಿ ಕಾಯ್ದಿಡಬೇಕಾದದ್ದು, ಯಾವುದು ಕಸ ಎಂಬುದೇ ತಿಳಿಯುವುದಿಲ್ಲ.

ಹೀಗೆ ಕೂಡಿಟ್ಟ ಸಾಮಗ್ರಿಯನ್ನು ಪರೀಕ್ಷಿಸಿ, ವಿಂಗಡಿಸಿ, ಬಳಸಿ ಮುಗಿಸುವ ಬಗೆ ಹೇಗೆ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಬಹುಕಾಲದಿಂದ ಉತ್ತರವೊಂದಿದೆ. ಅದರ ಹೆಸರು ಕೌದಿ.

ಉಳಿತಾಯದಿಂದ ಹುಟ್ಟಿದ ಕಲೆ

ಹಳೆಯ ಹತ್ತಿ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನಿಟ್ಟು, ಒತ್ತಾದ ಸಾಲು ಹೊಲಿಗೆಗಳಿಂದ ಒಂದಾಗಿಸಿದ ಹಾಸು-ಹೊದಿಕೆಯೇ ಕೌದಿ. ಧಾರವಾಡ, ಬೆಳಗಾವಿ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ ಸೀಮೆಗಳಲ್ಲಿ ಕೌದಿಯಿಲ್ಲದ ಮನೆ ಅಪರೂಪವೆನ್ನುವ ಕಾಲವೊಂದಿತ್ತು. ಬೇಸಿಗೆಯಲ್ಲಿ ಹಾಸಲು, ಚಳಿಯಲ್ಲಿ ಹೊದೆಯಲು, ತೊಟ್ಟಿಲಿಗೆ, ಬಂಡಿಯ ಮೇಲೆ, ಬಂದ ಬೀಗರಿಗೆ, ಹೀಗೆ ಎಲ್ಲಕ್ಕೂ ಅದೇ ಒದಗುತ್ತಿತ್ತು.

ಇದರ ಬಂಧುಬಳಗ ದೇಶದ ತುಂಬ ಹರಡಿದೆ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಮತ್ತು ಕಛ್ ಪ್ರದೇಶಗಳ ರಲ್ಲಿ, ಇವೆಲ್ಲವೂ ಸವೆದ ಬಟ್ಟೆಗೆ ಎರಡನೆಯ ಆಯುಷ್ಯ ಕೊಡುವ ವಿದ್ಯೆಗಳೇ. ತೇಪೆ ಹಾಕಿದ ಬಟ್ಟೆಗೆ ಸಂಸ್ಕೃತದಲ್ಲಿ 'ಕಂಥಾ' ಎಂಬ ಪದವಿದೆ.

ಕೂಡಿಡುವ ಈ ಸ್ವಭಾವವನ್ನು ಕೇವಲ ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ದೇಶದಲ್ಲಿ ಬಟ್ಟೆಗೆ ತೀವ್ರ ಅಭಾವ ತಲೆದೋರಿತ್ತು. 1943ರಲ್ಲಿ ಅಂದಿನ ಸರ್ಕಾರ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಆದೇಶವನ್ನೇ ಹೊರಡಿಸಬೇಕಾಯಿತು. ಸ್ವಾತಂತ್ರ್ಯಾನಂತರವೂ ಬಡವರಿಗಾಗಿ ಅಗ್ಗದ ಬಟ್ಟೆಯ ಯೋಜನೆಗಳು ಬೇಕಾದವು. 1976ರಲ್ಲಿ ಆರಂಭವಾದ ಜನತಾ ಬಟ್ಟೆ ಯೋಜನೆ ಅವುಗಳಲ್ಲೊಂದು. ಆ ಕಾಲವನ್ನು ಕಂಡ ಅಜ್ಜಿಯರ ಪಾಲಿಗೆ ಒಂದು ಗೇಣು ಬಟ್ಟೆಯೂ ಆಸ್ತಿ. ಆದರೆ ಅವರು ಕೂಡಿಟ್ಟದ್ದನ್ನು ಹಾಗೆಯೇ ಕೊಳೆಯಲು ಬಿಡುತ್ತಿರಲಿಲ್ಲ. ಸುಗ್ಗಿ ಮುಗಿದ ಬೇಸಿಗೆಯಲ್ಲಿ ಗಂಟು ಅಂಗಳಕ್ಕೆ ಬರುತ್ತಿತ್ತು. ಓಣಿಯ ಹೆಂಗಸರು ಕೂಡಿ ಕೌದಿ ಹೊಲಿಯುತ್ತಿದ್ದರು. ಊರೂರು ತಿರುಗಿ ಕೌದಿ ಹೊಲಿದುಕೊಡುವುದನ್ನೇ ಕಸುಬಾಗಿಸಿಕೊಂಡ ಮಹಿಳೆಯರೂ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಕೂಡಿಡುವುದು ಮತ್ತು ಬಳಸುವುದು ಒಂದೇ ಚಕ್ರದ ಎರಡು ಭಾಗಗಳಾಗಿದ್ದವು. ಇಂದು ಮೊದಲನೆಯದು ಉಳಿದಿದೆ, ಎರಡನೆಯದು ತಪ್ಪಿಹೋಗಿದೆ.

ಸಿದ್ದಿಯರ ಕವಂದಿ

ಈ ಪರಂಪರೆಯಲ್ಲಿ ವಿಶೇಷ ಉಲ್ಲೇಖಕ್ಕೆ ಪಾತ್ರವಾದದ್ದು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರ ಕವಂದಿ. ಆಫ್ರಿಕಾ ಮೂಲದ ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡ ಮುಂತಾದ ತಾಲ್ಲೂಕುಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಈ ಜಿಲ್ಲೆಯ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನಮಾನ ದೊರೆಯಿತು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಮೂವರ ಮನೆಯಲ್ಲೂ ಕವಂದಿಯಿದೆ.

ಕವಂದಿಯ ಹೊಲಿಗೆ ಅಂಚಿನಿಂದ ಆರಂಭವಾಗುತ್ತದೆ. ಕೆಳಗೆ ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ತುಂಡುಗಳನ್ನಿಡುತ್ತ, ಅವುಗಳ ಅಂಚನ್ನು ಒಳಕ್ಕೆ ಮಡಚುತ್ತ, ಸುತ್ತುಸುತ್ತಾಗಿ ಹೊಲಿಯುತ್ತ ಬಂದು ಕೊನೆಗೆ ನಡುವಿನಲ್ಲಿ ಮುಗಿಸುತ್ತಾರೆ. ಮುಂಚಿತವಾಗಿ ಗೆರೆ ಎಳೆಯುವುದಿಲ್ಲ. ಕೈಗೆ ಸಿಕ್ಕ ತುಂಡಿನ ಅಳತೆ, ಬಣ್ಣಗಳೇ ವಿನ್ಯಾಸವನ್ನು ನಿರ್ಧರಿಸುತ್ತವೆ. ಮುಗಿದ ಮೇಲೆ ನಾಲ್ಕು ಮೂಲೆಗಳಿಗೂ ಮಡಚಿದ ತ್ರಿಕೋನಾಕೃತಿಯ ತುಂಡುಗಳನ್ನು ಸೇರಿಸುತ್ತಾರೆ. ಇವಕ್ಕೆ 'ಫೂಲಾ', ಅಂದರೆ ಹೂವು ಎಂದು ಹೆಸರು. ಹೂವಿಲ್ಲದ ಕವಂದಿ ಬೋಳು ಎಂಬುದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕಲೆಯನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಪ್ರಮುಖರು.

ಚೂರುಗಳನ್ನು ಮುಗಿಸಬೇಕೆಂದಿರುವವರಿಗೆ ಈ ಪದ್ಧತಿ ಅತ್ಯಂತ ಅನುಕೂಲಕರ. ಎಲ್ಲ ತುಂಡುಗಳನ್ನೂ ಒಂದೇ ಅಳತೆಗೆ ಕತ್ತರಿಸಬೇಕಿಲ್ಲವಾದ್ದರಿಂದ ಹೊಸ ಚೂರುಗಳು ಹುಟ್ಟುವುದಿಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಇಲ್ಲಿ 'ಬಟ್ಟೆ ಇದ್ದಷ್ಟು ಹಾಸಿಗೆ ಹೊಲಿ' ಎಂದಾಗುತ್ತದೆ.

ಕೂಡಿಟ್ಟದ್ದು ಕೆಡುವುದೇಕೆ?

ಮುಚ್ಚಿಟ್ಟ ವಸ್ತು ಇಟ್ಟ ಹಾಗೆಯೇ ಇರುತ್ತದೆಂಬುದು ಬಹುಜನರ ನಂಬಿಕೆ. ವಾಸ್ತವದಲ್ಲಿ ಟ್ರಂಕಿನೊಳಗೂ ಕಾಲ ನಿಲ್ಲುವುದಿಲ್ಲ.

ಹತ್ತಿಗೆ ಮೊದಲ ಶತ್ರು ತೇವ. ಮಳೆಗಾಲದಲ್ಲಿ ಸರಿಯಾಗಿ ಒಣಗದೆ ಮಡಚಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಕಪ್ಪು ಚುಕ್ಕೆಗಳು ಬಿದ್ದಲ್ಲಿ ನೂಲು ಮೆತ್ತಗಾಗುತ್ತದೆ. ಗಂಜಿ ಹಾಕಿ ಇಟ್ಟ ಸೀರೆಗೆ ಬೆಳ್ಳಿಮೀನು ಹುಳ ಬರುವುದು ಆ ಪಿಷ್ಟದ ಆಸೆಗೆ. ಕಬ್ಬಿಣದ ಟ್ರಂಕು, ಗುಂಡುಸೂಜಿ, ರವಿಕೆಯ ಹುಕ್ಕುಗಳ ತುಕ್ಕು ತಗಲಿದ ಕಡೆ ಕಲೆಯಷ್ಟೇ ಅಲ್ಲ, ಬಟ್ಟೆಯೂ ದುರ್ಬಲವಾಗುತ್ತದೆ.

ರೇಷ್ಮೆ ಮಡಿಕೆಯಲ್ಲಿ ಸೀಳುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಸೀರೆಯನ್ನು ತೆರೆದಾಗ ಗೆರೆ ಹಿಡಿದು ಬಿರಿದಿರುವುದನ್ನು ಅನೇಕರು ಕಂಡಿರಬಹುದು. ಉಣ್ಣೆಯನ್ನು ಮೇಯುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಹೊಲಿಗೆ ದಾರವೂ ಬೆಳಕು, ತೇವಗಳಿಂದ ಶಕ್ತಿಗುಂದುತ್ತದೆ. ಹೀಗಾಗಿ ಇಪ್ಪತ್ತು ವರ್ಷದ ಹಿಂದಿನ ರೀಲಿನಿಂದ ಹೊಲಿದ ಹೊಸ ರವಿಕೆ ತಿಂಗಳೊಪ್ಪತ್ತಿನಲ್ಲಿ ಬಿಚ್ಚಿಕೊಂಡರೆ ಅದು ದರ್ಜಿಯ ತಪ್ಪಲ್ಲ.

ಆದ್ದರಿಂದ ಬಳಸದೆ ಇಡುವುದು ಉಳಿಸುವುದಕ್ಕೆ ಸಮನಲ್ಲ. ಇಂದು ಕೌದಿಯಾಗಬಲ್ಲ ಸೀರೆ ಇನ್ನು ಐದಾರು ಮಳೆಗಾಲ ಕಳೆದ ಮೇಲೆ ನೆಲ ಒರೆಸಲೂ ಬಾರದೆ ಹೋಗಬಹುದು.

ಗಂಟು ಬಿಚ್ಚುವ ಕ್ರಮ

ಬಿಸಿಲಿರುವ ದಿನವನ್ನು ಆರಿಸಿಕೊಳ್ಳುವುದು ಲೇಸು. ಇರುವುದನ್ನೆಲ್ಲ ಒಮ್ಮೆಗೇ ಹೊರತೆಗೆದು ಚಾಪೆಯ ಮೇಲೆ ಹರವಬೇಕು. ಅರ್ಧ ಮಾತ್ರ ತೆಗೆದರೆ ಉಳಿದರ್ಧ ಮತ್ತೆ ಹತ್ತು ವರ್ಷ ಅಲ್ಲಿಯೇ ಉಳಿಯುತ್ತದೆಂಬುದು ಅನುಭವದ ಮಾತು. ಬಳಿಕ ನಾಲ್ಕು ರಾಶಿಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಕತ್ತರಿ ತಾಗಿಸದೆ ಕಾಯ್ದಿಡಬೇಕಾದದ್ದು. ಎರಡನೆಯದು, ಗಟ್ಟಿಯಾಗಿದ್ದು ಕೂಡಲೇ ಬಳಸಬಹುದಾದದ್ದು. ಮೂರನೆಯದು, ತನಗೆ ಬೇಡವಾದರೂ ಇನ್ನೊಬ್ಬರಿಗೆ ಉಪಯೋಗವಾಗುವಂಥದ್ದು. ನಾಲ್ಕನೆಯದು, ಆಯುಷ್ಯ ಮುಗಿದದ್ದು. ಮನೆಯಲ್ಲಿ ಹಿರಿಯರಿದ್ದರೆ ಈ ಹೊತ್ತಿನಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಅಗತ್ಯ. ಯಾವ ಸೀರೆ ಯಾರದು, ಯಾವ ಊರಿನ ನೇಯ್ಗೆ, ಯಾವ ಮದುವೆಗೆ ಕೊಂಡದ್ದು ಎಂಬ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟೆಗೆ ದಾರದಿಂದ ಕಟ್ಟಿಡಬೇಕು. ಬಟ್ಟೆ ಹಾಳಾದರೆ ಅದರಂಥ ಮತ್ತೊಂದು ಸಿಕ್ಕೀತು. ಹೇಳುವವರು ಹೋದ ಮೇಲೆ ಈ ಮಾಹಿತಿ ಎಲ್ಲಿಯೂ ಸಿಗುವುದಿಲ್ಲ.

ಸರಳ ಪರೀಕ್ಷೆಗಳು

ಬಟ್ಟೆಯ ಬಲ: ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಸವೆದ ಜಾಗ ಜಾಲರಿಯಂತೆ ಕಾಣುತ್ತದೆ. ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಎಳೆದಾಗ ಪರ್ರನೆ ಹರಿದರೆ ಅದು ಮೇಲ್ಪದರಕ್ಕೆ ಯೋಗ್ಯವಲ್ಲ. ಸೀರೆಯಲ್ಲಿ ಹೆಚ್ಚು ಸವೆಯುವುದು ನೆರಿಗೆಯ ಭಾಗ ಮತ್ತು ಕೆಳ ಅಂಚು; ಒಳಗೆ ಸಿಕ್ಕಿಸುವ ತುದಿ ಸಾಮಾನ್ಯವಾಗಿ ಗಟ್ಟಿಯಾಗಿ ಉಳಿದಿರುತ್ತದೆ.

ನೂಲಿನ ಜಾತಿ: ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ರೇಷ್ಮೆ, ಉಣ್ಣೆಗಳಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಕರಿ ಉಂಡೆ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮೈಗೆ ತಾಗುವ ಕೌದಿಗೆ ಹತ್ತಿಯೇ ಶ್ರೇಷ್ಠ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಪದರಗಳ ನಡುವೆ ಜಾರುತ್ತದೆ. ಅದನ್ನು ಸಂತೆಯ ಚೀಲ, ಹೊದಿಕೆಯ ಗವಸುಗಳಿಗೆ ಮೀಸಲಿಡಬಹುದು.

ಬಣ್ಣ: ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ತುಂಡಿನ ಮೇಲಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಬೇಕು. ಬಿಳಿಗೆ ಬಣ್ಣ ಹತ್ತಿದರೆ ಅದನ್ನು ಬೇರೆಯಾಗಿಸಬೇಕು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆಯನ್ನು ನೆಚ್ಚುವಂತಿಲ್ಲ. ಒಂದು ಕೆಂಪು ತುಂಡು ಇಡೀ ಕೌದಿಯನ್ನು ಕೆಡಿಸಬಲ್ಲುದು. ಹೊಸ ಕಟ್‌ಪೀಸುಗಳನ್ನು ಹೊಲಿಯುವ ಮುನ್ನ ಒಗೆದು ಕುಗ್ಗಿಸಿಕೊಳ್ಳಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕೌದಿ ಸುಕ್ಕುಗಟ್ಟುತ್ತದೆ.

ದಾರ: ಒಂದು ಗೇಣು ದಾರವನ್ನು ಎರಡೂ ಕೈಗಳಿಗೆ ಸುತ್ತಿ ಜಗ್ಗಬೇಕು. ಪ್ರತಿರೋಧವಿಲ್ಲದೆ ತುಂಡಾದರೆ ಆ ರೀಲನ್ನು ಕಚ್ಚಾ ಹೊಲಿಗೆಗೆ ಮಾತ್ರ ಬಳಸಬಹುದು. ಮೇಲಿನ ಸುತ್ತುಗಳಷ್ಟೇ ಬೆಳಕಿಗೆ ಕೆಟ್ಟಿರುವ ಸಾಧ್ಯತೆಯೂ ಉಂಟು. ಹತ್ತು ಸುತ್ತು ಬಿಚ್ಚಿ ಒಳಗಿನದನ್ನು ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಕತ್ತರಿ ಹಾಕಬಾರದ್ದು ಯಾವುದು?

ಉತ್ಸಾಹದ ಭರದಲ್ಲಿ ಅಮೂಲ್ಯ ವಸ್ತುಗಳು ಚೂರಾಗುವ ಅಪಾಯವಿದೆ. ಕೈಕಸೂತಿಯಿರುವ ಹಳೆಯ ಇಳಕಲ್ ಸೀರೆ, ಧಾರವಾಡ ಸೀಮೆಯಲ್ಲಿ ಮದುಮಗಳಿಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆ, ಕೈಯಿಂದ ಹೆಣೆದ ಕುಲಾವಿ, ಕನ್ನಡಿ-ಕವಡೆಗಳ ಲಂಬಾಣಿ ಉಡುಪು ಮುಂತಾದವು ಮೊದಲ ರಾಶಿಗೆ ಸೇರಬೇಕು.

ಕೈಕಸೂತಿಯನ್ನು ಗುರುತಿಸುವುದು ಕಷ್ಟವಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ, ಬಟ್ಟೆಯ ಎಳೆಗಳನ್ನೆಣಿಸಿ, ಗಂಟು ಹಾಕದೆ ಈ ಕೆಲಸ ಮಾಡುತ್ತಾರೆ. ಗವಂತಿ ಮತ್ತು ಮುರಗಿಯಲ್ಲಿ ಚಿತ್ತಾರ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲುಗಳು ಸಾಮಾನ್ಯವಾಗಿ ಕಾಣಬರುವ ಆಕೃತಿಗಳು. ಸೀರೆಯ ಒಡಲು ಪೂರ್ತಿ ಸವೆದಿದ್ದರೂ ಕಸೂತಿಯ ಸೆರಗನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ಒಗೆದ ಮಲ್ಲು ಬಟ್ಟೆಯ ಆಸರೆ ಕೊಟ್ಟು ಹೊಲಿಯಬಹುದು.

ರೇಷ್ಮೆ ಸೀರೆಯ ಜರಿಯ ವಿಷಯದಲ್ಲಿಯೂ ಅವಸರ ಸಲ್ಲದು. ಅಸಲಿ ಜರಿಯೆಂದರೆ ಬೆಳ್ಳಿಯ ಎಳೆಗೆ ಚಿನ್ನದ ಲೇಪ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ರೇಷ್ಮೆ ಸೀರೆಗಳ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ ಮತ್ತು ಶೇ. 0.65ರಷ್ಟು ಚಿನ್ನ ಇರುತ್ತದೆ. ಹಳೆಯ ಜರಿ ಕೊಳ್ಳುವವರು ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಮಾರುವ ಮುನ್ನ ಬೆಲೆಯನ್ನು ಎರಡು ಕಡೆ ವಿಚಾರಿಸುವುದು ಕ್ಷೇಮ. ಸುಟ್ಟ ಸೀರೆ ಹಿಂದಿರುಗಿ ಬಾರದೆಂಬುದು ನೆನಪಿರಲಿ.

ಒಂದು ಕೌದಿಗೆ ಎಷ್ಟು ಬೇಕು?

ಒಬ್ಬರು ಮಲಗುವ ಕೌದಿಯ ಅಳತೆಯನ್ನು ಒಂದೂವರೆ ಮೀಟರ್ ಅಗಲ, 2.1 ಮೀಟರ್ ಉದ್ದವೆಂದು ಹಿಡಿಯೋಣ. ಒಂದು ಪದರಕ್ಕೆ 3.15 ಚದರ ಮೀಟರ್ ಬಟ್ಟೆ ಬೇಕು. ಐದೂವರೆ ಮೀಟರ್ ಉದ್ದ, 1.15 ಮೀಟರ್ ಅಗಲದ ಸೀರೆಯೊಂದರಲ್ಲಿ 6.3 ಚದರ ಮೀಟರ್ ಇರುತ್ತದೆ. ಅಂದರೆ ಒಂದು ಸೀರೆಯನ್ನು ಕತ್ತರಿಸಿ ಜೋಡಿಸಿದರೆ ಎರಡು ಪದರ. ತಳಕ್ಕೊಂದು, ಒಳಗೆರಡು ಪದರ ಬೇಕೆನಿಸಿದರೆ ಒಂದೂವರೆ ಸೀರೆ ಸಾಕು. ಮೇಲ್ಪದರ ಪೂರ್ತಿ ಚೂರುಗಳದ್ದು.

ಮೇಲ್ಪದರವನ್ನು 10 ಸೆಂ.ಮೀ. ಚೌಕಗಳಿಂದ ತುಂಬಿಸುವುದಾದರೆ 315 ತುಂಡುಗಳು ಬೇಕು. ಅಂಚು ಮಡಚಲು ಸುತ್ತಲೂ ಒಂದೊಂದು ಸೆಂ.ಮೀ. ಬಿಡಬೇಕಾದ್ದರಿಂದ ತುಂಡು 12 ಸೆಂ.ಮೀ. ಆಗುತ್ತದೆ, ಒಟ್ಟು ಬಟ್ಟೆ ನಾಲ್ಕೂವರೆ ಚದರ ಮೀಟರ್. ತುಂಡುಗಳು ಚಿಕ್ಕದಾದಷ್ಟೂ ಮಡಿಕೆಯಲ್ಲಿ ಹೋಗುವ ಬಟ್ಟೆ ಹೆಚ್ಚು. ಗಂಟು ಬೇಗ ಕರಗಬೇಕೆನ್ನುವವರಿಗೆ ಈ ಲೆಕ್ಕ ಅನುಕೂಲವಾದದ್ದೇ.

ಸಾಲುಗಳ ನಡುವೆ ಎರಡೂವರೆ ಸೆಂ.ಮೀ. ಅಂತರವಿಟ್ಟರೆ ಹೊಲಿಗೆಯ ಒಟ್ಟು ಉದ್ದ 126 ಮೀಟರ್. ಸಾಲುಗಳು ನೇರವಾಗಿರಲಿ, ಕವಂದಿಯಂತೆ ಸುತ್ತಾಗಿರಲಿ, ಲೆಕ್ಕ ಹೆಚ್ಚುಕಡಿಮೆ ಅದೇ. ಸೂಜಿ ಪದರಗಳಲ್ಲಿ ಹತ್ತಿಳಿಯುವುದರಿಂದ ಸುಮಾರು 150 ಮೀಟರ್ ದಾರ ಬೇಕಾದೀತು. ಆರು ಎಳೆಯ ಕಸೂತಿ ದಾರದ ಲಡಿಯೊಂದು ಸಾಮಾನ್ಯವಾಗಿ 8 ಮೀಟರ್ ಇರುತ್ತದೆ. ಆರೂ ಎಳೆಗಳಿಂದ ಹೊಲಿದರೆ 19 ಲಡಿ, ಮೂರು ಎಳೆಗಳಾಗಿ ಸೀಳಿ ಹೊಲಿದರೆ 10 ಲಡಿ ಖರ್ಚಾಗುತ್ತವೆ. ಬಣ್ಣ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಡಬ್ಬಿಯಲ್ಲಿ ಅರ್ಧಂಬರ್ಧ ಉಳಿದ ಲಡಿಗಳಿಗೆ ಇದಕ್ಕಿಂತ ಒಳ್ಳೆಯ ಗತಿ ಬೇರೊಂದಿಲ್ಲ.

ಸೆಂಟಿಮೀಟರಿಗೆ ಒಂದೇ ಹೊಲಿಗೆ ಎಂದು ಹಿಡಿದರೂ ಒಂದು ಕೌದಿಗೆ 12,600 ಹೊಲಿಗೆಗಳಾದವು. ಕೌದಿ ಹೊಲಿದುಕೊಡುವವರೊಡನೆ ಕೂಲಿಯ ಚೌಕಾಸಿಗಿಳಿಯುವ ಮೊದಲು ಈ ಸಂಖ್ಯೆಯನ್ನು ಮನಸ್ಸಿಗೆ ತಂದುಕೊಳ್ಳುವುದು ನ್ಯಾಯ.

ಹೊಲಿಯುವ ಬಗೆ

ತಳದ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ ಮೂಲೆಗಳ ಮೇಲೆ ಭಾರ ಇಡಬೇಕು. ಅದರ ಮೇಲೆ ಒಳಪದರಗಳು. ತೀರ ಸವೆದರೂ ಕೊಳೆಯದ ಬಟ್ಟೆಗೆ ಇಲ್ಲಿ ಜಾಗವುಂಟು. ಬೂಷ್ಟು ಹಿಡಿದದ್ದಕ್ಕೆ ಇಲ್ಲ. ಎಲ್ಲ ಪದರಗಳನ್ನೂ ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಟ್ಟುಕೊಳ್ಳಬೇಕು. ಈ ಹಂತವನ್ನು ಬಿಟ್ಟರೆ ಕೌದಿ ನಡುವೆ ಉಬ್ಬುತ್ತದೆ.

ನಂತರ ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ತುಂಡುಗಳನ್ನಿಡುತ್ತ ಬರಬೇಕು. ಪ್ರತಿ ತುಂಡಿನ ಅಂಚನ್ನು ಒಳಮಡಚಿ, ಪಕ್ಕದ ತುಂಡಿನ ಮೇಲೆ ತುಸು ಹೊದಿಸಿ, ಸೂಜಿಯನ್ನು ಎಲ್ಲ ಪದರಗಳಿಗೂ ದಾಟಿಸಿ ಸಾಲು ಹೊಲಿಗೆ ಹಾಕಬೇಕು. ಒಂದು ಸುತ್ತು ಮುಗಿದಾಗ ಅದರ ಒಳಗೆ ಮತ್ತೊಂದು ಸುತ್ತು. ದಾರವನ್ನು ಮೊಳದುದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ತೊಡರಿಕೊಳ್ಳುತ್ತದೆ. ಬಿಗಿಯಾಗಿ ಎಳೆದರೆ ಬಟ್ಟೆ ನೆರಿಗೆಗಟ್ಟುತ್ತದೆ, ಸಡಿಲ ಬಿಟ್ಟರೆ ಕಾಲ್ಬೆರಳಿಗೆ ಸಿಕ್ಕುತ್ತದೆ. ಹಳೆಯ ಬಟ್ಟೆಗೆ ಹೊಸ ದಪ್ಪ ಸೂಜಿ ಚುಚ್ಚಿದಾಗ ಚರಚರ ಹರಿದ ಸದ್ದು ಬಂದರೆ ಸೂಜಿಯನ್ನು ಬದಲಿಸಿ ತೆಳುವಾದದ್ದನ್ನು ಬಳಸುವುದು ಉಚಿತ.

ದಿನಕ್ಕೆ ಒಂದು ಗಂಟೆ ಕೂತರೂ ಒಂದೆರಡು ತಿಂಗಳಲ್ಲಿ ಕೌದಿ ಮುಗಿಯುತ್ತದೆ. ಅಷ್ಟು ಸಹನೆ ಇಲ್ಲದವರು ತೊಟ್ಟಿಲ ಅಳತೆಯಿಂದ ಆರಂಭಿಸಬಹುದು.

ಹಸುಗೂಸಿನ ಕೌದಿ: ಎಚ್ಚರಿಕೆ ಅಗತ್ಯ

ಅಜ್ಜಿಯ ಹಳೆಯ ಸೀರೆಯಿಂದ ಮೊಮ್ಮಗುವಿನ ತೊಟ್ಟಿಲ ಕೌದಿ ಹೊಲಿಯುವುದು ಅನೇಕ ಮನೆಗಳ ಸಂಪ್ರದಾಯ. ನೂರಾರು ಸಲ ಒಗೆದ ಹತ್ತಿಯಷ್ಟು ಮೃದುವಾದ ಬಟ್ಟೆ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಆದರೆ ಆ ಸೀರೆ ವರ್ಷಗಟ್ಟಲೆ ನುಸಿಗುಳಿಗೆಯೊಡನೆ ಇದ್ದಿದ್ದರೆ ಜಾಗ್ರತೆ ವಹಿಸಲೇಬೇಕು.

ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಆವಿಯಾಗಿ ಬಟ್ಟೆಯನ್ನು ಹೊಕ್ಕಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ನವಜಾತ ಶಿಶುಗಳಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ಮತ್ತು ತೀವ್ರ ಕಾಮಾಲೆಯನ್ನುಂಟುಮಾಡಬಲ್ಲುದು. ಕಾಮಾಲೆ ಮಿತಿಮೀರಿದರೆ ಮಿದುಳಿಗೂ ಹಾನಿಯಾಗುತ್ತದೆ. ನುಸಿಗುಳಿಗೆಯೊಂದಿಗಿಟ್ಟ ಬಟ್ಟೆ, ಹೊದಿಕೆಗಳಿಂದ ಶಿಶುಗಳಿಗೆ ಹೀಗಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಕೊರತೆ ಇದೆಯೆಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಅಂಥ ಬಟ್ಟೆಯನ್ನು ಕೂಸಿಗೆ ಬಳಸದಿರುವುದೇ ಸುರಕ್ಷಿತ. ಅದನ್ನು ಹಲವು ಸಲ ಒಗೆದು, ಬಿಸಿಲು-ಗಾಳಿಗೆ ಒಡ್ಡಿ ದೊಡ್ಡವರ ಕೌದಿಗೆ ಉಪಯೋಗಿಸಬಹುದು.

ಚಿಕ್ಕ ಮಕ್ಕಳ ಕೌದಿಗೆ ಗುಂಡಿ, ಮಣಿ, ಕನ್ನಡಿಗಳನ್ನು ಹೊಲಿಯಬಾರದು; ಕಿತ್ತು ಬಾಯಿಗೆ ಹಾಕಿಕೊಂಡಾರು. ಮಲಗಿದ ಕೂಸಿನ ಮುಖದ ಬಳಿ ಸಡಿಲ ಹೊದಿಕೆ ಇರಬಾರದು.

ಉಲ್ಲನ್, ಮಣಿ ಮತ್ತು ಇತರೆ

ಹುಳು ಹಿಡಿದ ಶಂಕೆಯಿರುವ ಉಣ್ಣೆಯ ಉಂಡೆಗಳನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿ ಶೀತದ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳು, ಮೊಟ್ಟೆಗಳೆರಡೂ ಸಾಯುತ್ತವೆ. ಉಳಿದ ಉಂಡೆಗಳಿಂದ ಏನಾದೀತೆಂದು ತಿಳಿಯಲು ತಕ್ಕಡಿ ಸಾಕು. ಕ್ರೋಶಾದಲ್ಲಿ ಒಂದು ಚೌಕ ಹೆಣೆದು ತೂಗಬೇಕು. ಚೌಕ 12 ಗ್ರಾಂ, ಒಟ್ಟು ಉಲ್ಲನ್ 600 ಗ್ರಾಂ ಇದ್ದರೆ 50 ಚೌಕಗಳು. ಹೊಲಿದು ಜೋಡಿಸಲು ಒಂದಿಷ್ಟು ಬಿಟ್ಟುಕೊಂಡು ಉಳಿದಷ್ಟಕ್ಕೆ ತಕ್ಕ ಅಳತೆ ನಿಶ್ಚಯಿಸಿದರೆ ನಡುವೆ ಅಂಗಡಿಗೆ ಓಡಬೇಕಾಗುವುದಿಲ್ಲ.

ಮಣಿಸರಗಳಲ್ಲಿ ಮೊದಲು ಕೊಳೆಯುವುದು ದಾರ. ಮಣಿ ಚೆಲ್ಲಾಡುವ ಮೊದಲೇ ಬಿಚ್ಚಿ ಹೊಸ ದಾರಕ್ಕೆ ಪೋಣಿಸಬೇಕು. ಗಾಜಿನ ಮಣಿ ನಾಲಿಗೆಗೆ ತಣ್ಣಗೆ, ಕೈಗೆ ಭಾರವೆನಿಸುತ್ತದೆ, ಪ್ಲಾಸ್ಟಿಕ್ ಹಾಗಲ್ಲ. ಬಣ್ಣ ಕಪ್ಪಾದ ಚಮಕಿ, ಒಣಗಿದ ಅಂಟು, ಗಟ್ಟಿಯಾದ ಬಟ್ಟೆಬಣ್ಣಗಳ ಮೇಲೆ ಮರುಕ ಬೇಡ. ಕೌದಿಗೂ ಸಲ್ಲದ ಸಣ್ಣ ಪಟ್ಟಿಗಳನ್ನು ಜಡೆ ಹೆಣೆದು ಸುರುಳಿ ಸುತ್ತಿ ಹೊಲಿದರೆ ಗಟ್ಟಿಮುಟ್ಟಾದ ಕಾಲೊರಸು ಸಿದ್ಧವಾಗುತ್ತದೆ. ಅದಕ್ಕೂ ಬಾರದ ನೂಲುಚೂರುಗಳನ್ನು ದಿಂಬಿಗೆ ತುಂಬಬಹುದು.

ತೇಪೆಗೂ ಗೌರವವಿದೆಯೆಂಬುದಕ್ಕೆ ನಿದರ್ಶನಗಳಿಗೆ ಕೊರತೆಯಿಲ್ಲ. ಬಟ್ಟೆಯ ತುಂಡುಗಳಿಗೆ ಕನ್ನಡಿ, ಕವಡೆ, ಬಣ್ಣದ ದಾರಗಳನ್ನು ಕೂಡಿಸುವ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಉಳಿದದ್ದನ್ನು ಏನು ಮಾಡುವುದು?

ಮೂರನೆಯ ರಾಶಿ, ಅಂದರೆ ಇತರರಿಗೆ ಉಪಯೋಗವಾಗುವಂಥದ್ದು, ಮನೆಯಿಂದ ಹೊರಡುವ ದಿನವನ್ನು ಮೊದಲೇ ಗೊತ್ತುಪಡಿಸಬೇಕು. ಇಲ್ಲವಾದರೆ ಅದು ಮತ್ತೆ ಅಟ್ಟ ಸೇರುತ್ತದೆ. ಹೊಲಿಗೆ ತರಬೇತಿ ಪಡೆಯುತ್ತಿರುವ ನೆರೆಯ ಹುಡುಗಿ, ಊರಿನ ಸ್ವಸಹಾಯ ಸಂಘ, ಕೈಕೆಲಸ ಕಲಿಸುವ ಶಾಲಾ ಶಿಕ್ಷಕಿ ಇವರಿಗೆ ನೂರು ಗುಂಡಿಗಳೂ ಬೇಕು, ನಾಲ್ಕು ಬಾಬಿನ್ನುಗಳೂ ಬೇಕು. 1999ರಲ್ಲಿ ಅಂಶು ಗುಪ್ತಾ ಸ್ಥಾಪಿಸಿದ ಗೂಂಜ್ ಸಂಸ್ಥೆ ನಗರಗಳಲ್ಲಿ ಸಂಗ್ರಹಿಸಿದ ಬಟ್ಟೆಯನ್ನು ಗ್ರಾಮಗಳಿಗೆ ತಲುಪಿಸುತ್ತದೆ. ಉಡಲು ಬಾರದ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡುಗಳನ್ನೂ ಸುಜನಿಗಳನ್ನೂ ತಯಾರಿಸುತ್ತದೆ. ಕೊಡುವ ಬಟ್ಟೆ ಒಗೆದು ಒಣಗಿಸಿದ್ದಾಗಿರಬೇಕೆಂಬುದು ಕನಿಷ್ಠ ಮರ್ಯಾದೆ.

ಕಾಯ್ದಿಡಬೇಕಾದ ಮೊದಲ ರಾಶಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಗಂಜಿ ಇರಕೂಡದು. ವರ್ಷಕ್ಕೆರಡು ಸಲವಾದರೂ ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆಯನ್ನು ಬೇರೆ ಗೆರೆಗೆ ಬದಲಿಸಬೇಕು. ಬೇವಿನ ಸೊಪ್ಪು ಇಡುವುದಾದರೆ ಚೆನ್ನಾಗಿ ಒಣಗಿಸಿ, ಬಟ್ಟೆಗೆ ತಾಗದಂತೆ ಚೀಲದಲ್ಲಿ ಹಾಕಿಡುವುದು ಒಳಿತು.

ಗತಿಸಿದವರ ಬಟ್ಟೆಗೆ ಕತ್ತರಿ ಹಾಕಲು ಹಲವರಿಗೆ ಮನಸ್ಸು ಬಾರದು. ಅಂಥವರು ಅವಸರ ಪಡಬೇಕಿಲ್ಲ. ಆದರೆ ಟ್ರಂಕಿನಲ್ಲಿ ಮಡಚಿಟ್ಟ ತಾಯಿಯ ಸೀರೆ ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುತ್ತದೆ. ಕೌದಿಯಾದ ಸೀರೆಯನ್ನು ಮಕ್ಕಳು-ಮೊಮ್ಮಕ್ಕಳು ಪ್ರತಿ ರಾತ್ರಿ ಹೊದೆಯುತ್ತಾರೆ. ಯಾವ ತುಂಡು ಯಾರದೆಂದು ಮಕ್ಕಳು ಬೆರಳಿಟ್ಟು ಕೇಳುತ್ತಾರೆ. ಆಗ ಹೇಳಲು ಚೀಟಿಯಲ್ಲಿ ಬರೆದಿಟ್ಟ ನಾಲ್ಕು ಮಾತು ಇದ್ದರೆ ಸಾಕು.

ಕೊನೆಯದಾಗಿ ಒಂದು ಮಾತು. ಹೊಲಿದು ಮುಗಿಸಿದ ಕೌದಿಯ ಹಿಂಬದಿಯ ಮೂಲೆಯಲ್ಲಿ ಹೊಲಿದವರ ಹೆಸರು ಮತ್ತು ಇಸವಿಯನ್ನು ದಾರದಲ್ಲಿಯೇ ಬರೆಯುವುದನ್ನು ಮರೆಯಬಾರದು. ಹಿಂದಿನವರು ತಮ್ಮ ಹೆಸರು ಬರೆಯಲಿಲ್ಲ. ಆದ್ದರಿಂದಲೇ ಇಂದು ಟ್ರಂಕಿನಲ್ಲಿ ಸಿಗುವ ಹಳೆಯ ಕೌದಿಗಳಲ್ಲಿ ಹೆಚ್ಚಿನವು ಯಾರ ಕೈಯವೆಂದು ಹೇಳುವವರಿಲ್ಲ.